ಮಗ್ಗದ ಸಂದಿನ ಮಾತು

ಕಿವಿ ಕೇಂದ್ರದ ತಸ್ಕೀನ್ ಮೇಡಂ ನಮ್ಮ ಮುಂದೆ ಮೂರು ಡಬ್ಬಿ ಇಟ್ಟರು. ಮೂರರೊಳಗೂ ಜೋಳದ ಕಾಳಿನಂಥ ಎರಡೆರಡು ಮಣಿ. ನೋಡಲಿಕ್ಕೆ ಒಂದಕ್ಕೂ ಇನ್ನೊಂದಕ್ಕೂ ಏನೂ ಫರಕಿಲ್ಲ. ನನ್ನ ಹೆಂಡತಿ ದಾಕ್ಷಾಯಣಿ ಸೆರಗಿನಿಂದ ಬಾಯಿ ಒತ್ತಿ ಹಿಡಿದು ಕೆಮ್ಮಿದಳು. ಆಮೇಲೆ, ನನಗೂ ಕೇಳಲೆಂದು ಕೂಗಿಯೇ ಕೇಳಿದಳು.

"ನಾ ಮೆಲ್ಲಕ ಮಾತಾಡಿದರ ಇವರಿಗೆ ಕೇಳಸೂದು ಇದರಾಗ ಯಾವುದ್ರಿ?"

"ಮೂರೂ ಕೇಳಸ್ತಾವ ಅಮ್ಮಾರ," ಅಂದರು ಮೇಡಂ. ಅವರ ಮಾತು ಎದುರಿನ ಗಾಜಿನ ಮೇಲೆ ಅಕ್ಷರವಾಗಿ ಮೂಡುತ್ತಿತ್ತು. ನಾನು ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದೆ.

"ಹಂಗಾರ ಸಣ್ಣ ರೊಕ್ಕದ್ದ ಕೊಡ್ರಿ. ದೊಡ್ಡ ರೊಕ್ಕದ್ದು ಹಾಕ್ಕೊಂಡು ಇವರೇನು ಪಾರ್ಲಿಮೆಂಟಿನಾಗ ಕುಂದ್ರಬೇಕಾಗೈತೇನು."

ಮೇಡಂ ನಕ್ಕರು. ದಾಕ್ಷಾಯಣಿಯೂ ನಗಲು ಹೋಗಿ ಮತ್ತೆ ಕೆಮ್ಮಿದಳು.

ನಾವು ಅಲ್ಲಿಗೆ ಹೋದದ್ದು ನನ್ನ ಕಿವಿಯ ಸಲುವಾಗಿ ಅಂದರೆ ಅರ್ಧ ಸುಳ್ಳು. ಬನಹಟ್ಟಿಯ ನಮ್ಮ ಓಣಿಯಲ್ಲಿ ಮುಂದೆ ಮಗ್ಗ, ಹಿಂದೆ ಮನೆ. ನಾನು ಮೀಸೆ ಮೂಡುವ ಮೊದಲೇ ಪವರ್‌ಲೂಮಿನ ಮುಂದೆ ನಿಂತವನು. ನಮ್ಮಪ್ಪ ಕುಣಿಗೆ ಕಾಲಿಳಿಸಿ ಕೈಯಿಂದ ನೇಯುತ್ತಿದ್ದ ಕುಣಿಮಗ್ಗದ ಸದ್ದು ಹೇಗಿತ್ತೆಂದು ಇವತ್ತಿಗೂ ನೆನಪಿದೆ. ಆ ಸದ್ದಿನೊಳಗೆ ಮಗು ಮಲಗಬಹುದಾಗಿತ್ತು. ಪವರ್‌ಲೂಮು ಹಾಗಲ್ಲ. ಅದು ಕಿವಿಯನ್ನು ದಿನಕ್ಕಿಷ್ಟು ಎಂದು ತಿಂದಿತು. ದಾಕ್ಷಾಯಣಿಗೆ ಅದೇ ಮಗ್ಗ ಬೇರೆ ದಾರಿಯಿಂದ ಬಂತು. ಮದುವೆಯಾಗಿ ಬಂದಾಗಿನಿಂದ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತ ಕೂತವಳು. ಗಾಳಿಯಲ್ಲಿ ತೇಲುವ ಹತ್ತಿಯ ಧೂಳೆಲ್ಲ ಅವಳ ಎದೆಯೊಳಗೆ ಇಳಿದು ಹೆಪ್ಪುಗಟ್ಟಿತ್ತು. ದವಾಖಾನೆಯಲ್ಲಿ ಎದೆಯ ಚಿತ್ರ ನೋಡಿದ ಡಾಕ್ಟರು ಒಂದೇ ಮಾತು ಹೇಳಿದ್ದರು: ಇವರ ಬಳಿ ಉಳಿದಿರುವ ಉಸಿರು ಇಷ್ಟೇ, ಕೂಗಿ ಅದನ್ನು ಖಾಲಿ ಮಾಡಬೇಡಿ.

ಕೂಗದೆ ನನಗೆ ಕೇಳುವುದಿಲ್ಲ. ಕೂಗಿದರೆ ಅವಳಿಗೆ ಉಸಿರು ಉಳಿಯುವುದಿಲ್ಲ. ಮಣಿ ಬೇಕಾದದ್ದು ಅದಕ್ಕೆ.

ತಸ್ಕೀನ್ ಮೇಡಂ ವಿಜಾಪುರದ ಕಡೆಯವರು. ಅವರ ಅಜ್ಜ ಗಾದಿಗೆ ಹತ್ತಿ ಬಡಿಯುತ್ತಿದ್ದವನಂತೆ. ನಾವು ನೇಕಾರರು ಎಂದು ಗೊತ್ತಾದ ಮೇಲೆ ಕುರ್ಚಿ ಹತ್ತಿರ ಎಳೆದುಕೊಂಡು ತಿಳಿಸಿ ಹೇಳಿದರು. ದುಬಾರಿ ಮಣಿ ಪ್ರತಿ ಕ್ಷಣ ವಿಚಾರ ಮಾಡುತ್ತದೆ, ಇದು ಮಾತು, ಇದು ಗದ್ದಲ ಎಂದು ಹೊಸದಾಗಿ ಆರಿಸುತ್ತಲೇ ಇರುತ್ತದೆ. ಅದಕ್ಕೆ ದೂರದ ಯಾವುದೋ ಕಂಪ್ಯೂಟರಿನ ಜೊತೆ ಸದಾ ಸಂಬಂಧ ಬೇಕು, ಆ ಸಂಬಂಧಕ್ಕೆ ತಿಂಗಳ ಬಾಡಿಗೆ. ಸಣ್ಣ ರೊಕ್ಕದ ಮಣಿ ಒಮ್ಮೆ ಮಾತ್ರ ವಿಚಾರ ಮಾಡುತ್ತದೆ.

"ಹಚ್ಚಿದ ಮ್ಯಾಲೆ ಒಂದು ತಿಂಗಳು ಅದು ಕಲೀತೈತಿ ಅಜ್ಜಾರ. ನಿಮ್ಮ ಸುತ್ತ ಯಾವುದು ಗದ್ದಲ, ಯಾವುದು ಮಾತು ಅಂತ. ಕಲತದ್ದನ್ನ ನಿಮ್ಮ ಕಿವಿಯ ನರಕ್ಕೂ ಕಲಿಸತೈತಿ. ತಿಂಗಳಾದ ಮ್ಯಾಲೆ ಗದ್ದಲ ಅನ್ನೂದನ್ನ ನರಾನ ಒಳಗ ಬಿಡೂದಿಲ್ಲ."

"ಮಣಿ ತಗದು ಒಗದರ?" ಅಂದೆ.

"ನರ ಮರೆಯೂದಿಲ್ಲ. ಅದರ ಮ್ಯಾಲೆ ಬ್ಯಾರೆ ಮಣೀನೂ ಕುಂದ್ರೂದಿಲ್ಲ. ಅದಕ್ಕ ಆ ತಿಂಗಳು ಜ್ವಾಕಿ ಇರ್ರಿ. ದಿನಾ ನೀವು ಎಲ್ಲಿರ್ತೀರಿ ಅಲ್ಲೇ ಇರ್ರಿ. ಯಾರ ಮಾತು ಬೇಕು, ಅವರನ್ನ ಮಗ್ಗಲಾಗ ಕುಂದರಿಸಿಕೊಂಡು ಮಾತಾಡಸ್ರಿ. ದಿನದ ಬಳಕಿಗೆ ಇದು ಸಾಕು. ಎಷ್ಟೋ ಮಂದಿ ಹಾಕ್ಕೊಂಡಾರ, ಆರಾಮ ಅದಾರ."

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ನಾವು ಅವರು ಹೇಳಿದ್ದನ್ನು ಬಿಟ್ಟು ಬೇರೇನೂ ಮಾಡಲಿಲ್ಲ.

ಊರಿಗೆ ಬಂದದ್ದು ಚಾಲಕನಿಲ್ಲದ ಹೊಸ ಬಸ್ಸಿನಲ್ಲಿ. ಓಣಿಯ ಬಾಯಲ್ಲೇ ಚನಮಲ್ಲಪ್ಪ ಸಿಕ್ಕ. ಅವನೂ ಮಗ್ಗದವನೇ, ನನಗಿಂತ ಕಿವುಡ. ನನ್ನ ಕಿವಿಯ ಹಿಂದೆ ಬೆರಳಾಡಿಸಿ ನೋಡಿ, "ನನಗ ಇದೆಲ್ಲ ಬ್ಯಾಡಪಾ. ನನ್ನ ಹೇಣ್ತಿ ಬಾಯಿ ಜಮಖಂಡಿಗೇ ಕೇಳಸ್ತೈತಿ. ಮಣಿ ಹಾಕ್ಕೊಂಡರ ನಾ ಎಲ್ಲಿಗೆ ಓಡಿ ಹೋಗ್ಲಿ?" ಅಂದ. ಆದರೂ ಮುಂದಿನ ವಾರ ಅವನೂ ಅದೇ ಸಣ್ಣ ರೊಕ್ಕದ ಡಬ್ಬಿಯನ್ನೇ ತಂದ. ಓಣಿಯಲ್ಲಿ ಇನ್ನೂ ಕೆಲವರು ತಂದರು.

ಆ ಒಂದು ತಿಂಗಳು ನನ್ನ ಜೀವಮಾನದಲ್ಲಿ ಬೇರೆಯದೇ. ನಮ್ಮ ಮಗ್ಗಗಳನ್ನು ಆಗ ನನ್ನ ತಮ್ಮನ ಮಗ ನಡೆಸುತ್ತಿದ್ದ. ನಾನು ಹರಿದ ಎಳೆ ಜೋಡಿಸುತ್ತ ಕೂರುತ್ತಿದ್ದೆ. ದಾಕ್ಷಾಯಣಿ ಹೊಸ್ತಿಲ ಮೇಲೆ, ಒದ್ದೆ ಬಟ್ಟೆಯನ್ನು ಬಾಯಿಗೆ ಅಡ್ಡ ಹಿಡಿದು, ಮಾತಾಡುವಾಗ ಅದನ್ನು ಸರಿಸಿ ಕೂರುತ್ತಿದ್ದಳು. ಧೂಳಿಲ್ಲದ ಕಡೆ ಕೂರಿಸಬೇಕೆಂದರೆ ಓಣಿಯನ್ನೇ ಬಿಡಬೇಕಿತ್ತು. ಮಣಿ ಕಲಿಯಲಿ ಎಂದು ಬೆಳಗಿನಿಂದ ಸಂಜೆಯವರೆಗೆ ಅವಳು ಮಾತಾಡಿದಳು. ಕೂಗಬೇಕಾಗಿರಲಿಲ್ಲ, ಮಣಿಗೆ ಮೆಲುದನಿಯೂ ಸಿಗುತ್ತದೆ ಎಂದು ಮೇಡಂ ಹೇಳಿದ್ದರಲ್ಲ. ನನಗೆ ಮಗ್ಗದ ಸದ್ದಿನಲ್ಲಿ ಅರ್ಧ ಸಿಗುತ್ತಿತ್ತು, ಅರ್ಧ ಹೋಗುತ್ತಿತ್ತು.

ತವರಿನ ಬಾವಿ, ಅದರಲ್ಲಿ ಬಿದ್ದ ತಂಬಿಗೆ, ತಂಬಿಗೆಗಾಗಿ ಅವಳ ಅವ್ವ ಮಾಡಿದ ಜಗಳ. ಹುಟ್ಟಿ ಏಳು ತಿಂಗಳಿಗೆ ಹೋದ ನಮ್ಮ ಕೂಸಿನ ವಿಚಾರ, ಅದನ್ನು ಅವಳು ಯಾವತ್ತೂ ಎತ್ತಿದವಳಲ್ಲ, ಅದೂ ಬಂತು. ನಾನು ಕೈಯ ಎಳೆ ಬಿಟ್ಟು ಅವಳ ಕಡೆ ತಿರುಗಿದೆ.

"ನೀವು ಯಾಕ ನೋಡ್ತೀರಿ?" ಅಂದಳು. "ನಾ ಮಣಿಗೆ ಹೇಳಾಕತ್ತೀನಿ, ನಿಮಗಲ್ಲ."

ತಿಂಗಳು ಮುಗಿದ ಬೆಳಿಗ್ಗೆ ಎದ್ದಾಗ ಮೊದಲು ಕೇಳಿದ್ದು ಮಾಡಿನ ಮೇಲೆ ಪಾರಿವಾಳದ ಕೆದರಾಟ. ಪ್ಲಾಸ್ಟಿಕ್ ಚೀಲದ ಸರಸರ. ಓಣಿಯ ಕೊನೆಗೆ ನಿಂತ ಬಸ್ಸು ತನ್ನ ಮುಂದಿನ ನಿಲ್ದಾಣದ ಹೆಸರು ಹೇಳಿದ್ದು. ಹೊರಗೆ ತರಕಾರಿಯವ, ಅವನು ಮಹಾಲಿಂಗಪುರದ ಕಡೆಯವ, ಮೆಂತ್ಯ ಪಲ್ಲೆ ಎಂದು ಕೂಗಿದ್ದು ನನ್ನ ಹಾಸಿಗೆಯ ಪಕ್ಕದಲ್ಲೇ ಕೂಗಿದಂತಿತ್ತು. ಮುಂದಿನ ಕೋಣೆಯಲ್ಲಿ ನಮ್ಮ ನಾಲ್ಕೂ ಮಗ್ಗ ಓಡುತ್ತಿದ್ದವು. ಲಾಳಿ ಆ ಕಡೆ ಈ ಕಡೆ ಹಾರುತ್ತಿತ್ತು. ಸದ್ದು ಮಾತ್ರ ಚೂರೂ ಇಲ್ಲ. ಇಡೀ ಆಯುಷ್ಯ ಹೊಡೆದದ್ದು ಒಮ್ಮೆಗೇ ಕೈ ಕಟ್ಟಿ ನಿಂತಿತ್ತು. ಇದನ್ನು ಹೇಳಬೇಕೆಂದು ಒಳಗೆ ಹೋದೆ.

ದಾಕ್ಷಾಯಣಿ ರೊಟ್ಟಿ ಬಡಿಯುತ್ತಿದ್ದಳು. ಅಂಗೈ ಎದ್ದು ಬೀಳುತ್ತಿತ್ತು, ಹಿಟ್ಟು ಅಗಲವಾಗುತ್ತಿತ್ತು, ಸದ್ದಿಲ್ಲ. ಒಲೆಯ ಮೇಲೆ ಸಾರು ಕುದಿಯುವುದು ಕೇಳುತ್ತಿದೆ, ರೊಟ್ಟಿ ಕೇಳುತ್ತಿಲ್ಲ. ಅವಳು ನನ್ನ ಕಡೆ ತಿರುಗಿದಳು. ತುಟಿ ಆಡಿತು. ಮುಖದ ತುಂಬ ಆಸೆ ಇಟ್ಟುಕೊಂಡು ನನ್ನ ಉತ್ತರಕ್ಕೆ ಕಾದಳು.

ಆಮೇಲೆ ಕೆಮ್ಮಿದಳು. ಕೆಮ್ಮು ಕೇಳಿತು. ಅದರ ಒಡಕು, ಕೊನೆಯಲ್ಲಿ ಎದೆಯ ಅಡಿಯಿಂದ ಬರುವ ಸಣ್ಣ ಸೀಟಿ, ಎಲ್ಲ ಕೇಳಿತು.

ಮರುದಿನವೇ ಕೇಂದ್ರಕ್ಕೆ ಹೋದೆವು. ತಸ್ಕೀನ್ ಮೇಡಂ ನಮ್ಮಿಬ್ಬರನ್ನು ಒಳಗಿನ ಕತ್ತಲ ಕೋಣೆಗೆ ಕರೆದೊಯ್ದರು. ಒಂದು ಗೋಡೆಯ ತುಂಬ ಗಾಜಿನ ಪರದೆ. ನನ್ನ ಮಣಿ ತಿಂಗಳಿಡೀ ಕೇಳಿದ್ದೆಲ್ಲ ಅದರ ಮೇಲೆ ಬಣ್ಣಬಣ್ಣದ ಎಳೆಯಾಗಿ ಓಡತೊಡಗಿತು. ನೀಲಿ ಎಳೆ ಮಗ್ಗ, ಕೆಂಪು ಎಳೆ ದಾಕ್ಷಾಯಣಿ. ಮೇಡಂ ಅದನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದರು. ನನಗೆ ಅದು ಸೀರೆಯ ಪಟ್ಟಿಯ ಹಾಗೆ ಕಂಡಿತು: ಒಂದು ನೀಲಿ, ಒಂದು ಕೆಂಪು, ಒಂದು ನೀಲಿ, ಒಂದು ಕೆಂಪು, ಎಲ್ಲೂ ಒಂದರ ಮೇಲೊಂದು ಬಿದ್ದಿಲ್ಲ.

"ಅಮ್ಮಾರ, ನೀವು ಹಿಂಗ್ಯಾಕ ಮಾತಾಡ್ತೀರಿ?" ಅಂದರು.

ದಾಕ್ಷಾಯಣಿ ಏನು ಉತ್ತರ ಕೊಟ್ಟಳೋ ನನಗೆ ಕೇಳಲಿಲ್ಲ. ನಾನೇ ಹೇಳಿದೆ, ನಮ್ಮ ಓಣಿಯಲ್ಲಿ ಎಲ್ಲರೂ ಹೀಗೆಯೇ ಮಾತಾಡುವುದು. ಹೊರಗಿನವರು ಬಂದರೆ ಮಗ್ಗದ ಮೇಲೆ ದನಿ ಏರಿಸಲು ಹೋಗಿ ಸೋಲುತ್ತಾರೆ. ನಾವು ಒಂದು ಹೊಡೆತಕ್ಕೂ ಮುಂದಿನ ಹೊಡೆತಕ್ಕೂ ನಡುವೆ ಇರುವ ಸಂದಿನಲ್ಲಿ ಮಾತು ಇಡುತ್ತೇವೆ. ಯಾರೂ ಕಲಿಸಿದ್ದಲ್ಲ. ಸೊಸೆಯಾಗಿ ಬಂದವಳು ಒಂದು ವರ್ಷದಲ್ಲಿ ಕಲಿಯುತ್ತಾಳೆ. ಆಮೇಲೆ ಮಗ್ಗ ನಿಂತಿದ್ದರೂ, ಬೇರೆ ಊರಿನ ಮದುವೆ ಮನೆಯಲ್ಲಿದ್ದರೂ, ಮಾತು ಅದೇ ಅಳತೆಯಲ್ಲಿ ಬೀಳುತ್ತದೆ. ರೊಟ್ಟಿಯನ್ನೂ ಅದೇ ಅಳತೆಯಲ್ಲಿ ಬಡಿಯುತ್ತಾರೆ.

ಮೇಡಂ ಕುರ್ಚಿಯಲ್ಲಿ ಹಿಂದೆ ಒರಗಿದರು. "ಮಣಿ ಒಂದು ಅಳತಿಯೊಳಗ ಮತ್ತ ಮತ್ತ ಬರೂದೆಲ್ಲ ಯಂತ್ರ ಅಂತ ತಿಳೀತೈತಿ ಅಜ್ಜಾರ. ಅದಕ್ಕ ಅಮ್ಮಾರೂ ಮಗ್ಗದ ಒಂದು ಭಾಗ ಆಗಿಬಿಟ್ಟಾರ. ತಿಂಗಳಿಡೀ ಅವರು ಮಾತಾಡ್ಯಾರಲ್ಲ, ಅಷ್ಟೂ ಪಕ್ಕಾ ಆಗೈತಿ."

ಅವರು ನಮ್ಮೆದುರೇ ಮಣಿ ಮಾಡುವ ಕಂಪನಿಯ ಮನುಷ್ಯನನ್ನು ಪರದೆಯ ಮೇಲೆ ಕರೆದರು. ಅವನ ಹಿಂದೆ ಇನ್ನೂ ದೊಡ್ಡ ಕೋಣೆ, ಸಾಲುಸಾಲು ಪರದೆ, ಒಂದೊಂದರ ಮೇಲೂ ಒಂದೊಂದು ಊರಿನ ಮಣಿಗಳ ಎಳೆ. ಮೇಡಂ ಎಲ್ಲ ಹೇಳಿದರು. ಅವನು ತಾಳ್ಮೆಯಿಂದಲೇ ಕೇಳಿದ.

"ಮಗ್ಗದ ಸದ್ದು ಪೂರ್ತಿ ಹೋಗಿದೆಯಲ್ಲವೇ?" ಎಂದು ಕೇಳಿದ.

"ಹೋಗೈತಿ."

"ಹಾಗಾದರೆ ಮಾಡೆಲ್ ಸರಿಯಾಗಿ ಕೆಲಸ ಮಾಡಿದೆ. ಆ ಓಣಿಯಿಂದ ಗದ್ದಲದ ದೂರು ಒಂದೂ ಬಂದಿಲ್ಲ."

"ಅವರಿಗೆ ಹೇಣ್ತಿ ಮಾತು ಕೇಳಸೂದಿಲ್ರಿ."

ಅವನು ಒಳ್ಳೆಯವನೇ ಇರಬೇಕು, ಮುಖ ಸಣ್ಣದಾಯಿತು. "ಅದು ಆ ಮಾಡೆಲ್‌ನಲ್ಲಿ ಬಿಚ್ಚಲು ಬರುವುದಿಲ್ಲ ಮೇಡಂ. ನಿಮಗೂ ಗೊತ್ತು," ಅಂದ.

ಪರದೆ ಆರಿದ ಮೇಲೆ ಮೇಡಂ ದಾಕ್ಷಾಯಣಿಯ ಕೈ ಹಿಡಿದು ಹೇಳಿದರು, ಅಳತೆ ತಪ್ಪಿಸಿ ಮಾತಾಡಿ ನೋಡ್ರಿ. ಒಂದು ಮಾತು ಉದ್ದ, ಒಂದು ಗಿಡ್ಡ. ನಡುವೆ ಬೇಕಾದಲ್ಲಿ ನಿಲ್ಲಿರಿ.

ದಾಕ್ಷಾಯಣಿ ಪ್ರಯತ್ನಿಸಿದಳು. ಟೀವಿಯಲ್ಲಿ ಸುದ್ದಿ ಓದುವವಳ ಹಾಗೆ ಕತ್ತು ನೆಟ್ಟಗೆ ಮಾಡಿ ಕೂತಳು. "ಚಾ" ಅಂದದ್ದು ನನಗೆ ಕೇಳಿತು. ಆಮೇಲೆ ಬಾಯಿ ಸುಮ್ಮನೆ ಆಡಿತು. ಎಲ್ಲೋ "ರೇನು" ಅಂತ ಬಂತು. ನಾನು, "ಚಾ ರೇನು ಅಂದರ ಏನು?" ಅಂದೆ. ಅವಳಿಗೆ ನಗು ತಡೆಯಲಿಲ್ಲ. ನಗು ಕೇಳಿತು ನನಗೆ. ಎಷ್ಟೋ ವರ್ಷದ ಮೇಲೆ ಅವಳ ನಗು ಕೇಳಿ ನಾನೂ ನಕ್ಕೆ. ಅದರ ಬೆನ್ನಿಗೇ ಕೆಮ್ಮು ಬಂದು ಅವಳ ತುಟಿ ನೀಲಿಯಾಯಿತು, ಮೇಡಂ ಓಡಿ ಹೋಗಿ ಉಸಿರಿನ ನಳಿಕೆ ತಂದು ಮೂಗಿಗೆ ಹಿಡಿದರು.

"ಬ್ಯಾಡ್ರಿ ಅಮ್ಮಾರ," ಅಂದರು. "ಅಳತಿ ತಪ್ಪಸಾಕ ಹೋಗಿ ದುಪ್ಪಟ್ಟು ಉಸಿರು ಹೋಗಾಕತ್ತೈತಿ. ಬಿಟ್ಟುಬಿಡ್ರಿ. ಅಳತಿ ತಾನಾಗಿ ಹರದರ ಮಾತ್ರ ಮಣಿ ಅದನ್ನ ಮಾತು ಅಂತ ತಿಳೀತೈತಿ."

ದಾಕ್ಷಾಯಣಿ ಏನೋ ಕೇಳಿದಳು. ಅವಳ ಪ್ರಶ್ನೆ ನನಗೆ ಕೇಳಲಿಲ್ಲ, ಮೇಡಂ ಉತ್ತರ ಕೇಳಿತು. ಅವರು ಬಾಗಿಲ ಕಡೆ ನೋಡುತ್ತ ಮೆಲ್ಲಗೆ ಅಂದರು: "ಅದು ಹರಿಯೂದು, ಉಸಿರು ಒಂದು ಮಾತು ಮುಗಿಸಾಕೂ ಸಾಲದಾದಾಗ."

ಬಸ್ಸಿನಲ್ಲಿ ಬರುವಾಗ ನಾವಿಬ್ಬರೂ ಕಿಟಕಿಯ ಹೊರಗೆ ಕಬ್ಬಿನ ಹೊಲ ನೋಡುತ್ತ ಕೂತೆವು.

ಓಣಿಯಲ್ಲಿ ಆಮೇಲೆ ವಿಚಿತ್ರವಾದ ಕಾಲ ಬಂತು. ಮಣಿ ಹಾಕಿಕೊಂಡ ನಾವೆಲ್ಲ ಬಸ್ಸಿನ ಮಾತು ಕೇಳುತ್ತಿದ್ದೆವು, ತರಕಾರಿಯವನ ಮಾತು ಕೇಳುತ್ತಿದ್ದೆವು, ಟೀವಿ ಕೇಳುತ್ತಿದ್ದೆವು. ನಮ್ಮವರ ಮಾತು ನಮಗೆ ಕೇಳುತ್ತಿರಲಿಲ್ಲ. ಚನಮಲ್ಲಪ್ಪ ಕಟ್ಟೆಯ ಮೇಲೆ ನನ್ನ ಪಕ್ಕ ಕೂತು ತುಟಿ ಆಡಿಸುತ್ತಿದ್ದ, ನಾನು ತುಟಿ ಆಡಿಸುತ್ತಿದ್ದೆ. ಅವನ ಹೆಂಡತಿಯ ಬಾಯಿ ಈಗ ಜಮಖಂಡಿಗೆ ಕೇಳುತ್ತಿದ್ದಿರಬಹುದು, ಅವನಿಗಂತೂ ಇಲ್ಲ. ಒಮ್ಮೆ ಅವಳ ಕಡೆ ಬೆರಳು ಮಾಡಿ, ಅವಳನ್ನು ಅಣಕಿಸಿ ಬಾಯಿ ಅಗಲಿಸಿ ತೋರಿಸಿದ. ಆಮೇಲೆ ಅವನ ಮುಖ ಅಲ್ಲೇ ನಿಂತುಬಿಟ್ಟಿತು.

ಫೋನು ಮಾತನ್ನು ಅಕ್ಷರ ಮಾಡಿ ತೋರಿಸುತ್ತಿತ್ತು. ಆದರೆ ನಾನು ಎರಡನೇ ಇಯತ್ತೆಗೆ ಶಾಲೆ ಬಿಟ್ಟವನು. ಒಂದು ಸಾಲು ಕೂಡಿಸಿ ಓದುವುದರೊಳಗೆ ಅವಳು ಎದ್ದು ಪಾತ್ರೆ ತೊಳೆಯಲು ಹೋಗಿರುತ್ತಿದ್ದಳು. ಅದಕ್ಕೂ ನಮ್ಮ ಕಡೆಯ ಮಾತು ತಿಳಿಯದೆ, 'ಕಂಡಿಕಿ ಮುಗದಾವ' ಅಂದರೆ ಇನ್ನೇನೋ ಬರೆಯುತ್ತಿತ್ತು. ಕೊನೆಗೆ ನಾವು ಮಗ್ಗದ ಸನ್ನೆಗಳಿಗೇ ಬಂದೆವು. ನೇಕಾರರಲ್ಲಿ ಸನ್ನೆಗೆ ಬರವಿಲ್ಲ. ಎಳೆ ಹರಿಯಿತು ಎಂಬುದಕ್ಕೆ ಎರಡು ಬೆರಳು ಕತ್ತರಿಸಿದ ಹಾಗೆ. ಮಾಲಕ ಬಂದ ಎಂಬುದಕ್ಕೆ ಮೀಸೆ ತಿರುವಿದ ಹಾಗೆ. ಚಹಾ, ಊಟ, ಕಂಡಿಕೆ ತಾ, ಮಗ್ಗ ನಿಲ್ಲಿಸು, ಎಲ್ಲಕ್ಕೂ ಇದೆ. ಕೇಳಲಿಲ್ಲ ಎಂಬುದಕ್ಕೆ ಕಿವಿಯ ಹತ್ತಿರ ಅಂಗೈ ಮಗುಚಿದ ಹಾಗೆ.

ಒಂದು ಸಂಜೆ ದಾಕ್ಷಾಯಣಿ ಏನೋ ಹೇಳಬೇಕೆಂದು ಕೈ ಎತ್ತಿದಳು. ಎತ್ತಿದ ಕೈಯನ್ನು ಗಾಳಿಯಲ್ಲಿ ಹಾಗೆಯೇ ಹಿಡಿದು ನಿಂತಳು. ಬೆರಳು ಒಮ್ಮೆ ಮಡಚಿತು, ಒಮ್ಮೆ ಬಿಚ್ಚಿತು. ಎದೆಯ ಮೇಲೆ ಇಟ್ಟುಕೊಂಡಳು. ಆಮೇಲೆ ಅದನ್ನು ಬಿಟ್ಟು ಚಹಾದ ಸನ್ನೆ ಮಾಡಿದಳು. ನಾನು ಎದ್ದು ಚಹಾಕ್ಕೆ ಇಟ್ಟೆ. ಅವಳು ಹೇಳಬೇಕಾದದ್ದಕ್ಕೆ ನಮ್ಮಲ್ಲಿ ಸನ್ನೆ ಇರಲಿಲ್ಲ. ಮಗ್ಗದ ಮುಂದೆ ನಿಂತವರಿಗೆ ಅದು ಎಂದೂ ಬೇಕಾಗಿರಲಿಲ್ಲ.

ಬೇಸಿಗೆ ಮುಗಿಯುತ್ತ ಬಂದಿತ್ತು. ಮಧ್ಯಾಹ್ನ ನಾನು ಹೊಸ್ತಿಲ ಒಳಗೆ ಕೂತು ಗಂಟಾದ ನೂಲು ಬಿಡಿಸುತ್ತಿದ್ದೆ. ದಾಕ್ಷಾಯಣಿ ಗೋಡೆಗೆ ದಿಂಬು ಇಟ್ಟು ಒರಗಿದ್ದಳು. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಮೂಗಿಗೆ ನಳಿಕೆ ಇತ್ತು.

"ಬಾಗಲಾ..." ಎಂದು ಕೇಳಿತು.

ನಾನು ನೂಲು ಹಿಡಿದೇ ಇದ್ದೆ.

"...ಮುಂದ ಮಾಡ್ರಿ. ಬಿಸಲ... ಕಣ್ಣಿಗೆ... ಬೀಳಾಕತ್ತೈತಿ."

ಅದು ಅವಳದೇ ದನಿ. ಸ್ವಲ್ಪ ಒಡಕು, ಸ್ವಲ್ಪ ತವರಿನ ಎಳೆತ. ಕೂಗದಿದ್ದಾಗ ಅವಳ ದನಿ ಹೇಗಿರುತ್ತದೆಂಬುದನ್ನೇ ನಾನು ಮರೆತಿದ್ದೆ. ನೂಲು ತೊಡೆಯ ಮೇಲೆ ಬಿತ್ತು. ನಾನು ಎದ್ದೆ, ಬಾಗಿಲಿಗೆ ಕೈ ಹಚ್ಚಿದೆ, ಮೈಯೆಲ್ಲ ಹಗುರಾಗಿತ್ತು. ಬಾಗಿಲ ಹಲಗೆಯ ಬಿಸಿ ಅಂಗೈಗೆ ತಾಗಿದಾಗ ಉಸಿರು ಸಾಲದಾದಾಗ ಎಂದು ಮೇಡಂ ಹೇಳಿದ ಮಾತು ನೆನಪಿಗೆ ಬಂತು. ಬಾಗಿಲು ಅರ್ಧ ಮುಚ್ಚಿ ನಿಂತೆ. ತಿರುಗಲು ಧೈರ್ಯವಾಗಲಿಲ್ಲ.

ತಿರುಗಿದಾಗ ಅವಳು ನನ್ನನ್ನೇ ನೋಡುತ್ತಿದ್ದಳು. ಮೇಡಂ ಮಾತು ಅವಳಿಗೂ ಗೊತ್ತು. ಪ್ರಶ್ನೆ ಕೇಳಿದವಳೇ ಅವಳು.

"ಕೇಳಸ್ತ... ಏನು?"

ನಾನು ಕಣ್ಣು ಕಿರಿದು ಮಾಡಿ, ಬಿಸಿಲಿಗೆ ನನ್ನ ಕಣ್ಣೇ ನೊಂದಂತೆ ಹಣೆಗೆ ಕೈ ಅಡ್ಡ ಹಿಡಿದೆ. ಅವಳ ತುಟಿ ಆಡಿದ್ದನ್ನು ಈಗಷ್ಟೇ ಕಂಡವನಂತೆ ಮುಖ ಮುಂದೆ ಮಾಡಿದೆ. ಆಮೇಲೆ ಕಿವಿಯ ಹತ್ತಿರ ಅಂಗೈ ಮಗುಚಿದೆ.

ಅವಳು ನನ್ನ ಮುಖವನ್ನು ಮಗ್ಗದ ಹಾಸಿನಲ್ಲಿ ಹರಿದ ಎಳೆ ಹುಡುಕುವ ಹಾಗೆ ನೋಡಿದಳು. ನಾನು ಅಲುಗಲಿಲ್ಲ. ಅವಳ ಹೆಗಲು ಮೆಲ್ಲಗೆ ಇಳಿಯಿತು. ದಿಂಬಿಗೆ ತಲೆ ಕೊಟ್ಟು ತನ್ನಷ್ಟಕ್ಕೆ ಅಂದಳು:

"ಹಂಗಾರ... ಇನ್ನೂ ಗಟ್ಟಿ... ಅದೀನಿ."

ಅಂದಿನಿಂದ ದಿನಾ ಬೆಳಿಗ್ಗೆ ಅವಳು ಕೇಳುವಳು, ನಾನು ಅಂಗೈ ಮಗುಚುವೆನು. ಪ್ರಶ್ನೆಯ ನಡುವಿನ ಸಂದು ಅಗಲವಾಗುತ್ತ ಹೋಯಿತು. ಕೇಂದ್ರಕ್ಕೆ ಹೋಗೋಣ ಎಂದು ಇಬ್ಬರೂ ಸನ್ನೆ ಮಾಡಲಿಲ್ಲ. ತಸ್ಕೀನ್ ಮೇಡಂ ಒಮ್ಮೆ ಅವರಾಗಿಯೇ ಮನೆಗೆ ಬಂದರು, ಕಿತ್ತಳೆ ಹಣ್ಣು ತಂದಿದ್ದರು. ಬಾಗಿಲಲ್ಲಿ ನಿಂತು ಅವಳ ಮಾತು ಕೇಳಿಸಿಕೊಂಡರು, ನನ್ನ ಮುಖ ನೋಡಿದರು. ಹೊರಗೆ ಹೋಗಿ ಚಪ್ಪಲಿ ಹಾಕಿಕೊಳ್ಳುತ್ತ ಬಹಳ ಹೊತ್ತು ಬಗ್ಗಿಕೊಂಡೇ ಇದ್ದರು.

ನನಗೆ ಕೇಳುವುದಿಲ್ಲ ಎಂಬ ಭರವಸೆ ಗಟ್ಟಿಯಾದ ಮೇಲೆ ದಾಕ್ಷಾಯಣಿ ಮಾತಾಡತೊಡಗಿದಳು. ಮಣಿಗೆ ಹೇಳಿದ ಹಾಗೆ ಅಲ್ಲ. ಆಗ ಕೇಳಲಿ ಎಂದು ಹೇಳಿದ್ದಳು. ಈಗ ನನ್ನ ಕಡೆ ನೋಡುತ್ತಲೇ, ಗೋಡೆಗೆ ಹೇಳಿದ ಹಾಗೆ ಹೇಳುತ್ತಿದ್ದಳು. ತಾನು ಹೋದ ಮೇಲೆ ನಾನು ಉಪ್ಪು ಹೆಚ್ಚು ಹಾಕುತ್ತೇನೆ ಅಂತ. ಹೋದ ಕೂಸಿಗೆ ಮನಸ್ಸಿನಲ್ಲೇ ಇನ್ನೊಂದು ಹೆಸರು ಇಟ್ಟಿದ್ದಳಂತೆ, ಅದನ್ನು ಯಾರಿಗೂ ಹೇಳಿರಲಿಲ್ಲವಂತೆ. ಆ ಹೆಸರನ್ನೂ ಹೇಳಿದಳು. ನಾನು ತಲೆ ತಗ್ಗಿಸಿ ನೂಲಿನ ಗಂಟು ಬಿಡಿಸುತ್ತಿದ್ದೆ. ಗಂಟು ಬಿಚ್ಚಿದ ನೂಲನ್ನು ಮತ್ತೆ ಗಂಟು ಹಾಕಿ ಮತ್ತೆ ಬಿಡಿಸುತ್ತಿದ್ದೆ.

ಒಂದು ದಿನ ಮುಂದಿನ ಕೋಣೆಯಲ್ಲಿ ಮಗ್ಗಗಳು ನನ್ನ ಕಿವಿಗೆ ಸದ್ದಿಲ್ಲದೆ ಓಡುತ್ತಿದ್ದವು. ಅವಳು ಕೈ ಎತ್ತಿದಳು. ಆವತ್ತಿನ ಸಂಜೆಯ ಹಾಗೆಯೇ ಬೆರಳು ಮಡಚಿ, ಬಿಚ್ಚಿ, ಎದೆಯ ಮೇಲೆ ಇಟ್ಟುಕೊಂಡಳು.

"ನನಗ..." ಅಂದಳು.

ನಾನು ಕಾದೆ. ಉಸಿರು ಒಳಗೆ ಹೋಗುವುದು ಕೇಳಿತು, ಹೊರಗೆ ಬರುವುದು ಕೇಳಿತು, ಮತ್ತೆ ಒಳಗೆ ಹೋಗುವುದು.

"...ಅಂಜಿಕಿ... ಬರಾಕತ್ತೈತಿ... ರೀ."

ನಾನು ತಲೆ ಎತ್ತಲಿಲ್ಲ. ನೂಲನ್ನು ಬೆಳಕಿಗೆ ಹಿಡಿದು, ಅದರಲ್ಲಿ ಗಂಟು ಇಲ್ಲದಿದ್ದರೂ, ಹುಡುಕಿದೆ.